ಸರ್ವೋ ಕೆಟ್ಟಿದೆಯೋ, ಲಿಂಕೇಜ್ ಕೆಟ್ಟಿದೆಯೋ: ಏರೋಬ್ಯಾಟಿಕ್ ಆರ್‌ಸಿ ವಿಮಾನಕ್ಕೊಂದು ದೋಷ ನಿವಾರಣೆ ಕೈಪಿಡಿ

ಏರೋಬ್ಯಾಟಿಕ್ (ಗಾಳಿಯಲ್ಲಿ ಕಸರತ್ತು ಮಾಡುವ) ಆರ್‌ಸಿ (ರೇಡಿಯೋ ಕಂಟ್ರೋಲ್) ವಿಮಾನದಲ್ಲಿ ಏನೇ ಎಡವಟ್ಟಾದರೂ ಮೊದಲು ಬೈಸಿಕೊಳ್ಳುವುದು ಸರ್ವೋ, ಅಂದರೆ ರೇಡಿಯೋ ಸಿಗ್ನಲ್‌ಗೆ ತಕ್ಕಂತೆ ರೆಕ್ಕೆ, ಬಾಲದ ಫಲಕಗಳನ್ನು ಬಾಗಿಸುವ ಪುಟ್ಟ ಮೋಟರ್ ಪೆಟ್ಟಿಗೆ. ರೋಲ್ ಮುಗಿದ ಮೇಲೆ ರೆಕ್ಕೆ ಮಟ್ಟಕ್ಕೆ ನಿಲ್ಲುತ್ತಿಲ್ಲವೇ, ಸರ್ವೋ ಬದಲಿಸು. ನೈಫ್ ಎಡ್ಜ್‌ನಲ್ಲಿ (ರೆಕ್ಕೆ ನೆಟ್ಟಗೆ ನಿಲ್ಲಿಸಿ ಮಗ್ಗುಲಾಗಿ ಹಾರುವಾಗ) ರಡ್ಡರ್ ಸಾಲುತ್ತಿಲ್ಲವೇ, ಇನ್ನೂ ದೊಡ್ಡ ಟಾರ್ಕ್ (ತಿರುಗಿಸುವ ಬಲ) ಇರುವುದನ್ನು ತರಿಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಇದು. ಸಾವಿರಾರು ರೂಪಾಯಿ ಕೊಟ್ಟು ತಂದ ಹೊಸ ಸರ್ವೋ ಕೂತ ಮೇಲೂ ದೋಷ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ಇದ್ದದ್ದು ಫಲಕದ ಹಿಂಜ್‌ನಲ್ಲಿ, ಸರ್ವೋವನ್ನು ಫಲಕಕ್ಕೆ ಜೋಡಿಸುವ ಪುಶ್‌ರಾಡ್‌ನಲ್ಲಿ ಅಥವಾ ಬ್ಯಾಟರಿಯಿಂದ ಬರುವ ತೆಳ್ಳನೆಯ ವೈರ್‌ನಲ್ಲಿ.

ಇಲ್ಲಿ ಒಂದೊಂದು ಲಕ್ಷಣವನ್ನು ಹಿಡಿದು, ದೋಷ ಎಲ್ಲಿದೆ ಎಂದು ಹುಡುಕಿ, ಅದು ನಿಜಕ್ಕೂ ಸರ್ವೋದ್ದೇ ಆಗಿದ್ದರೆ ಕೊಳ್ಳುವಾಗ ಯಾವ ಅಂಕಿ ನೋಡಬೇಕು ಎಂಬುದನ್ನು ಹೇಳಿದೆ. ಲೆಕ್ಕಗಳಿಗೆ ಎದುರಿಗಿಟ್ಟುಕೊಂಡಿರುವುದು 50–60 ಸಿಸಿ ಪೆಟ್ರೋಲ್ ಎಂಜಿನ್ನಿನ, 2.2 ಮೀಟರ್ ರೆಕ್ಕೆಯ, 7.5–8 ಕೆಜಿ ತೂಗುವ ಎಕ್ಸ್‌ಟ್ರಾ 300 ಅಥವಾ ಎಡ್ಜ್ 540 ಮಾದರಿಯ ವಿಮಾನ. ಅದರಲ್ಲಿ ಏಲೆರಾನ್‌ಗೆ (ರೆಕ್ಕೆಯ ಹಿಂಬದಿಯ ಫಲಕ) ಎರಡು, ಎಲಿವೇಟರ್‌ಗೆ (ಬಾಲದ ಅಡ್ಡ ಫಲಕ) ಎರಡು, ರಡ್ಡರ್‌ಗೆ (ಬಾಲದ ನಿಂತ ಫಲಕ) ಒಂದು, ಥ್ರಾಟಲ್‌ಗೆ ಒಂದು ಸರ್ವೋ ಇರುತ್ತವೆ. ಈ ಬಾಗುವ ಫಲಕಗಳನ್ನೇ ಮುಂದೆ ಸರ್ಫೇಸ್ ಎಂದಿದೆ. ಸಣ್ಣ ವಿಮಾನಕ್ಕೂ ತರ್ಕ ಇದೇ, ಅಂಕಿ ಮಾತ್ರ ಬೇರೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಸರ್ವೋ ಟೆಸ್ಟರ್, ಮಲ್ಟಿಮೀಟರ್, ಲಗೇಜ್ ತೂಗುವ ಕೊಕ್ಕೆ ತಕ್ಕಡಿ, ಅಡಿಪಟ್ಟಿ, ಸ್ಲೋ ಮೋಷನ್ ವಿಡಿಯೋ ತೆಗೆಯುವ ಫೋನ್. ಕೆಲಸ ಶುರು ಮಾಡುವ ಮುನ್ನ ಪ್ರೊಪೆಲ್ಲರ್ ಬಿಚ್ಚಿಡಿ. ಇಗ್ನಿಷನ್ ಬ್ಯಾಟರಿಯ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಳಚಿ.

ಸ್ಟಿಕ್ ಬಿಟ್ಟರೂ ಸರ್ಫೇಸ್ ನಡುವಿಗೆ ಬರುತ್ತಿಲ್ಲ

ಬಲಕ್ಕೆ ರೋಲ್ ಮಾಡಿ ಬಿಟ್ಟಾಗ ವಿಮಾನ ತುಸು ಬಲಕ್ಕೇ ವಾಲಿರುತ್ತದೆ, ಎಡಕ್ಕೆ ಮಾಡಿದರೆ ಎಡಕ್ಕೆ. ಟ್ರಿಮ್ (ನಡುವನ್ನು ತುಸು ಸರಿಸುವ ಗುಂಡಿ) ಎಷ್ಟು ಒತ್ತಿದರೂ ಸರಿಹೋಗುವುದಿಲ್ಲ, ಏಕೆಂದರೆ ನಡು ಎನ್ನುವ ಜಾಗವೇ ಎರಡಾಗಿದೆ.

ಬಾಲ್ ಲಿಂಕ್ (ಪುಶ್‌ರಾಡ್ ತುದಿಯ ಗುಂಡು ಕೀಲು) ಬಿಚ್ಚಿ ಪುಶ್‌ರಾಡನ್ನು ಸರ್ವೋ ಆರ್ಮ್‌ನಿಂದ, ಅಂದರೆ ಶಾಫ್ಟ್ ಮೇಲೆ ತಿರುಗುವ ತೋಳಿನಿಂದ, ಬೇರ್ಪಡಿಸಿ. ಮೊದಲು ಸರ್ಫೇಸನ್ನೇ ನೋಡಿ: ಏಲೆರಾನನ್ನು ಮೇಲೆತ್ತಿ ಬಿಟ್ಟರೆ ತನ್ನ ತೂಕಕ್ಕೆ ತಾನೇ ಕೆಳಗೆ ಬೀಳಬೇಕು. ಅರ್ಧದಲ್ಲಿ ನಿಂತರೆ ಹಿಂಜ್ ಬಿಗಿಯಾಗಿದೆ. ಹಿಂಜ್‌ನ ಕೀಲಿಗೆ ಎಪಾಕ್ಸಿ ಸೋರಿದ್ದರೆ ಅಥವಾ ಮೂರ್ನಾಲ್ಕು ಹಿಂಜ್‌ಗಳು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ. ಆಮೇಲೆ ಪುಶ್‌ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ. ಬಾಲ್ ಲಿಂಕ್ ಸಲೀಸಾಗಿ ಆಡಬೇಕು, ಕಿರಗುಟ್ಟಬಾರದು.

ಎರಡೂ ಸರಿಯಿದ್ದರೆ ಈಗ ಸರ್ವೋ ಸರದಿ. ಆರ್ಮ್‌ಗೆ ತೆಳ್ಳನೆಯ ಬಿದಿರುಕಡ್ಡಿಯೊಂದನ್ನು ಟೇಪ್ ಸುತ್ತಿ ಕಟ್ಟಿ, ತುದಿ ಸರ್ವೋ ಶಾಫ್ಟ್‌ನಿಂದ 20 ಸೆಂಮೀ ದೂರ ಇರಲಿ. ತುದಿಯ ಕೆಳಗೊಂದು ಕಾಗದ ಅಂಟಿಸಿ. ಸ್ಟಿಕ್ಕನ್ನು ಪೂರ್ತಿ ಬಲಕ್ಕೆ ಒಯ್ದು ನಿಧಾನವಾಗಿ ನಡುವಿಗೆ ತನ್ನಿ, ಗುರುತು ಹಾಕಿ. ಎಡದಿಂದಲೂ ಹಾಗೇ ಮಾಡಿ. 20 ಸೆಂಮೀ ಕಡ್ಡಿಯ ತುದಿಯಲ್ಲಿ 1 ಮಿಮೀ ಅಂದರೆ ಸುಮಾರು 0.29 ಡಿಗ್ರಿ. ಎರಡು ಗುರುತುಗಳ ನಡುವೆ 1 ಮಿಮೀ ಒಳಗಿದ್ದರೆ ಸರ್ವೋ ಚೊಕ್ಕವಾಗಿದೆ. 3 ಮಿಮೀ ಇದ್ದರೆ ಅದನ್ನು ಏಲೆರಾನ್, ಎಲಿವೇಟರ್‌ಗಳಿಂದ ತೆಗೆದುಬಿಡಿ, ಥ್ರಾಟಲ್‌ಗೆ ಹಾಕಿಕೊಳ್ಳಬಹುದು.

ಹೀಗಾಗುವುದಕ್ಕೆ ಕಾರಣ ಎರಡು. ಒಂದು ಡೆಡ್‌ಬ್ಯಾಂಡ್, ಅಂದರೆ ಸಿಗ್ನಲ್ ಎಷ್ಟು ಬದಲಾಗುವವರೆಗೂ ಸರ್ವೋ ಕದಲುವುದಿಲ್ಲ ಎಂಬ ಅಳತೆ. ಸಿಗ್ನಲ್‌ನಲ್ಲಿ 1 ಮೈಕ್ರೋಸೆಕೆಂಡ್ ವ್ಯತ್ಯಾಸಕ್ಕೆ ಆರ್ಮ್ ಸುಮಾರು 0.1 ಡಿಗ್ರಿ ತಿರುಗುತ್ತದೆ. ಎಲ್ಲೆಡೆ ಸಿಗುವ ಎಂಜಿ996ಆರ್ ಸರ್ವೋದ ಡೆಡ್‌ಬ್ಯಾಂಡ್ 5 ಮೈಕ್ರೋಸೆಕೆಂಡ್, ಅಲ್ಲಿಗೆ ಅರ್ಧ ಡಿಗ್ರಿ ಹೋಯಿತು. ಏರೋಬ್ಯಾಟಿಕ್ಸ್‌ಗೆ 1–2 ಮೈಕ್ರೋಸೆಕೆಂಡ್ ಇರುವುದನ್ನು ಹುಡುಕಿ. ಇನ್ನೊಂದು ಕಾರಣ, ಅನಲಾಗ್ ಸರ್ವೋ ಮೋಟರ್‌ಗೆ ಸೆಕೆಂಡಿಗೆ 50 ಸಲ ಮಾತ್ರ ವಿದ್ಯುತ್ ತಳ್ಳುತ್ತದೆ. ನಡುವಿನ ಹತ್ತಿರ ಬಂದಾಗ ಆ ತಳ್ಳು ಎಷ್ಟು ಚಿಕ್ಕದಾಗುತ್ತದೆ ಎಂದರೆ ಗೇರ್‌ನ ಘರ್ಷಣೆಯನ್ನು ಗೆಲ್ಲಲಾರದೆ ಮೋಟರ್ ಅಲ್ಲೇ ನಿಂತುಬಿಡುತ್ತದೆ. ಡಿಜಿಟಲ್ ಸರ್ವೋ ಸೆಕೆಂಡಿಗೆ 300ರ ಆಸುಪಾಸು ತಳ್ಳುವುದರಿಂದ ಸಣ್ಣ ತಪ್ಪನ್ನೂ ತಿದ್ದಿಕೊಳ್ಳುತ್ತದೆ. ಮಾರುವವರು ಟಾರ್ಕನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ, ಡೆಡ್‌ಬ್ಯಾಂಡನ್ನು ಎಲ್ಲೋ ಕೊನೆಯ ಸಾಲಿನಲ್ಲಿ. ವಿಮಾನ ನೇರ ಹಾರಬೇಕೆಂದರೆ ಆ ಕೊನೆಯ ಸಾಲನ್ನೇ ಮೊದಲು ಓದಬೇಕು.

ಕೈಯಲ್ಲಿ ಅಲುಗಿಸಿದರೆ ಸಡಿಲ

ರಿಸೀವರ್ ಆನ್ ಮಾಡಿ, ಏಲೆರಾನ್‌ನ ಹಿಂಬದಿ ಅಂಚನ್ನು ಬೆರಳ ತುದಿಯಿಂದ ಮೇಲೆ ಕೆಳಗೆ ಅಲುಗಿಸಿ. ಬಲ ಹಾಕಬೇಡಿ, ತಾನಾಗಿ ಆಡುವಷ್ಟನ್ನು ಮಾತ್ರ ನೋಡಿ. ಈ ಅಳತೆಯ ವಿಮಾನದಲ್ಲಿ ಅಂಚು 1 ಮಿಮೀಗಿಂತ ಹೆಚ್ಚು ಆಡಿದರೆ ಹಾರಿಸುವುದು ಬೇಡ.

ಸಡಿಲ ಎಲ್ಲಿದೆ ಎಂದು ಹುಡುಕಲು ಇನ್ನೊಬ್ಬರು ಬೇಕು. ಒಬ್ಬರು ಅಲುಗಿಸುತ್ತಿರಲಿ, ಇನ್ನೊಬ್ಬರು ಹಾರ್ನ್‌ನಿಂದ (ಸರ್ಫೇಸ್‌ಗೆ ಕೂರಿಸಿದ, ಪುಶ್‌ರಾಡ್ ಹಿಡಿಯುವ ಕೊಂಬು) ಹಿಂದಕ್ಕೆ ಒಂದೊಂದೇ ಕೀಲಿನ ಮೇಲೆ ಬೆರಳಿಡುತ್ತಾ ಬರಲಿ. ಹಾರ್ನ್ ಮರದಲ್ಲಿ ಆಡುತ್ತಿರಬಹುದು. ಕ್ಲೆವಿಸ್‌ನ (ಪುಶ್‌ರಾಡ್ ತುದಿಯ ಕವಲು ಕೊಂಡಿ) ಪಿನ್‌ಗಿಂತ ತೂತು ದೊಡ್ಡದಿರಬಹುದು. ಪೆಟ್ರೋಲ್ ವಿಮಾನದಲ್ಲಿ ಕ್ಲೆವಿಸ್ ಬಿಟ್ಟು ಎರಡೂ ಕಡೆ 3 ಮಿಮೀ ಬಾಲ್ ಲಿಂಕ್ ಹಾಕುವುದೇ ಲೇಸು. ಆರ್ಮ್ ಶಾಫ್ಟ್‌ನ ಹಲ್ಲಿನ ಮೇಲೆ ಜಾರುತ್ತಿರಬಹುದು. ಹಲ್ಲಿನ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ: ಫುಟಾಬಾ 25, ಜೆಆರ್ 23, ಹಳೆಯ ಹೈಟೆಕ್‌ಗಳು 24. 25 ಹಲ್ಲಿನ ಆರ್ಮನ್ನು 24ರ ಶಾಫ್ಟ್‌ಗೆ ಒತ್ತಿ ಕೂರಿಸಿದರೆ ಮೇಜಿನ ಮೇಲೆ ಬಿಗಿಯಾಗಿಯೇ ಕಾಣುತ್ತದೆ, ಗಾಳಿಯಲ್ಲಿ ಜಾರುತ್ತದೆ. ಆರ್ಮ್ ಪಕ್ಕದಲ್ಲಿ ಸ್ಕ್ರೂ ಬಿಗಿದು ಕಚ್ಚುವ ಅಲ್ಯೂಮಿನಿಯಂನದ್ದಾಗಿರಲಿ.

ಹೆಚ್ಚಿನವರ ಕಣ್ಣಿಗೆ ಬೀಳದ ಜಾಗ ಸರ್ವೋ ಕೂತಿರುವ ತಟ್ಟೆ. ಸರ್ಫೇಸ್ ಒತ್ತಿದಾಗ ಸರ್ವೋದ ಪೆಟ್ಟಿಗೆಯೇ ತೊನೆಯುತ್ತಿದೆಯೇ ನೋಡಿ. ರಬ್ಬರ್ ಗ್ರೋಮೆಟ್‌ಗೆ ಹಾಕುವ ಹಿತ್ತಾಳೆ ಬುಷ್‌ನ ಅಗಲ ತಲೆ ಮರದ ಕಡೆಗೆ ಇರಬೇಕು. ಉಲ್ಟಾ ಹಾಕಿದರೆ ಬುಷ್ ಮರದೊಳಗೆ ಇಳಿದು ರಬ್ಬರ್ ಅಪ್ಪಚ್ಚಿಯಾಗುತ್ತದೆ, ಸ್ಕ್ರೂ ಕೂಡ ಸಡಿಲವಾಗುತ್ತಾ ಹೋಗುತ್ತದೆ. ಸ್ಕ್ರೂ ತೂತಿಗೆ ಒಂದು ಹನಿ ತೆಳು ಸಿಎ ಗೋಂದು (ಸೂಪರ್ ಗ್ಲೂ) ಬಿಟ್ಟು, ಒಣಗಿದ ಮೇಲೆ ಮತ್ತೆ ಸ್ಕ್ರೂ ಹಾಕಿದರೆ ಬಾಲ್ಸಾ ಮರ, ಲೈಟ್ ಪ್ಲೈ (ಹಗುರ ಪ್ಲೈವುಡ್) ಎರಡರಲ್ಲೂ ಹಿಡಿತ ಗಟ್ಟಿಯಾಗುತ್ತದೆ.

ಇದೆಲ್ಲ ಸರಿಯಿದ್ದು ಶಾಫ್ಟೇ ಆಡುತ್ತಿದ್ದರೆ ಗೇರ್ ಸವೆದಿದೆ. ಗೇರ್ ಸೆಟ್ ಬೇರೆಯಾಗಿ ಸಿಗುವ ಸರ್ವೋ ಆಗಿದ್ದರೆ ಬಚಾವ್. ಅಲ್ಯೂಮಿನಿಯಂ ಬೆರೆತ ಅಗ್ಗದ ಲೋಹದ ಗೇರ್ ಬೇಗ ಸವೆಯುತ್ತದೆ, ಉಕ್ಕಿನದು, ಟೈಟಾನಿಯಂದು ನಿಧಾನ. ನೈಲಾನ್ ಗೇರ್‌ನಲ್ಲಿ ಹೊಸದರಲ್ಲಿ ಸಡಿಲ ಕಡಿಮೆ, ಆದರೆ ಕಾರಿನ ಡಿಕ್ಕಿಯಲ್ಲಿಟ್ಟು ಸಾಗಿಸುವಾಗ ಏಲೆರಾನ್ ಏನಕ್ಕೋ ಬಡಿದರೆ ಹಲ್ಲು ಹಾರುತ್ತದೆ. ಲೋಹದ ಆರ್ಮ್ ಸ್ಕ್ರೂಗೆ ನೀಲಿ ಥ್ರೆಡ್‌ಲಾಕರ್ ಹಚ್ಚುವಾಗ ಎಚ್ಚರ, ಅದು ಸರ್ವೋದ ಪ್ಲಾಸ್ಟಿಕ್ ಪೆಟ್ಟಿಗೆಗೆ ತಾಗಿದರೆ ಬಿರುಕು ಬಿಡಬಹುದು.

ನಿಧಾನವಾಗಿ ಹಾರುವಾಗ ಸರಿ, ವೇಗದಲ್ಲಿ ಸೋಲು

ಹೋವರ್‌ನಲ್ಲಿ (ಮೂಗು ಮೇಲೆ ಮಾಡಿ ನಿಂತಲ್ಲೇ ತೇಲುವುದು), ಹ್ಯಾರಿಯರ್‌ನಲ್ಲಿ (ಮೂಗೆತ್ತಿ ನಿಧಾನವಾಗಿ ಸಾಗುವುದು) ಎಲ್ಲ ಚೆನ್ನ. ಡೈವ್ ಮಾಡಿ ಎಳೆದಾಗ ಎಲಿವೇಟರ್ ಅರ್ಧಕ್ಕೇ ನಿಲ್ಲುತ್ತದೆ, ಫುಲ್ ಥ್ರಾಟಲ್‌ನಲ್ಲಿ ರೋಲ್ ಸೋಮಾರಿಯಾಗುತ್ತದೆ. ಗಾಳಿ ಸರ್ಫೇಸನ್ನು ಹಿಂದಕ್ಕೆ ಒತ್ತುತ್ತಿದೆ, ಸರ್ವೋ ಅದನ್ನು ತಡೆಯಲಾರದು. ಇದಕ್ಕೆ ಬ್ಲೋಬ್ಯಾಕ್ ಎನ್ನುತ್ತಾರೆ.

ಎಷ್ಟು ಟಾರ್ಕ್ ಬೇಕು ಎಂದು ಅಂದಾಜಿಸಲು ಮಾದರಿ ವಿಮಾನದವರು ಬಹುಕಾಲದಿಂದ ಬಳಸುತ್ತಿರುವ ಸೂತ್ರವನ್ನು ಮೆಟ್ರಿಕ್‌ಗೆ ತಂದರೆ ಹೀಗಾಗುತ್ತದೆ. ಸರ್ಫೇಸ್ 30 ಡಿಗ್ರಿ ಬಾಗಬೇಕು, ಅದಕ್ಕೆ ಸರ್ವೋ 45 ಡಿಗ್ರಿ ತಿರುಗುತ್ತದೆ ಎಂದುಕೊಳ್ಳಿ. ಸರ್ಫೇಸ್‌ನ ಅಗಲವನ್ನು ಸೆಂಮೀನಲ್ಲಿ ಅಳೆದು, ಅದರ ವರ್ಗ ತೆಗೆಯಿರಿ. ಅದನ್ನು ಉದ್ದದಿಂದ ಗುಣಿಸಿ, ಅದೂ ಸೆಂಮೀನಲ್ಲಿ. ಗಂಟೆಗೆ ಕಿಮೀ ಲೆಕ್ಕದ ವೇಗದ ವರ್ಗದಿಂದ ಗುಣಿಸಿ. ಬಂದದ್ದನ್ನು 1 ಕೋಟಿ 47 ಲಕ್ಷದಿಂದ ಭಾಗಿಸಿ. ಸಿಗುವುದು ಸರ್ವೋ ಶಾಫ್ಟ್‌ನಲ್ಲಿ ಬೇಕಾದ ಟಾರ್ಕ್, ಕೆಜಿ-ಸೆಂಮೀನಲ್ಲಿ, ಅಂದರೆ ಶಾಫ್ಟ್‌ನಿಂದ 1 ಸೆಂಮೀ ದೂರದಲ್ಲಿ ಎಷ್ಟು ಕೆಜಿ ಎಂಬ ಲೆಕ್ಕದಲ್ಲಿ.

ನಮ್ಮ ವಿಮಾನದ ಏಲೆರಾನ್ 13 ಸೆಂಮೀ ಅಗಲ, 75 ಸೆಂಮೀ ಉದ್ದ ಇದ್ದರೆ, 100 ಕಿಮೀ ವೇಗದಲ್ಲಿ 8.6 ಕೆಜಿ-ಸೆಂಮೀ ಸಾಕು. 130 ಕಿಮೀಗೆ 14.6. ಡೈವ್‌ನಲ್ಲಿ 160 ಮುಟ್ಟಿದರೆ 22. ವೇಗ 1.6 ಪಟ್ಟು ಆಗುವಷ್ಟರಲ್ಲಿ ಟಾರ್ಕ್ ಎರಡೂವರೆ ಪಟ್ಟು! ಅಗಲಕ್ಕೂ ಇದೇ ನಿಯಮ: ಏಲೆರಾನ್ ಎರಡು ಸೆಂಮೀ ಅಗಲವಾದರೆ, ಅಂದರೆ 13ರ ಬದಲು 15 ಆದರೆ, ಮೂರನೇ ಒಂದು ಭಾಗ ಹೆಚ್ಚು ಟಾರ್ಕ್ ಬೇಕು. 3ಡಿ ಹಾರಾಟಕ್ಕೆಂದು (ಹೋವರ್‌ನಂಥ ನಿಧಾನ ಕಸರತ್ತು) 45 ಡಿಗ್ರಿ ಬಾಗಿಸಿದರೆ ಅದೇ ವೇಗಕ್ಕೆ ಸುಮಾರು 2.45 ಪಟ್ಟು. ಆದ್ದರಿಂದಲೇ 3ಡಿ ರೇಟನ್ನು (ಸ್ಟಿಕ್‌ಗೆ ಸರ್ಫೇಸ್ ಎಷ್ಟು ಬಾಗಬೇಕೆಂಬ ಅಳತೆ) ಸ್ವಿಚ್‌ನ ಒಂದು ತುದಿಗೆ ಇಟ್ಟು, ವೇಗದ ಹಾರಾಟಕ್ಕೆ 20–25 ಡಿಗ್ರಿಯ ಕಡಿಮೆ ರೇಟ್ ಇಟ್ಟುಕೊಳ್ಳುವುದು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು, ಹಾಗಾಗಿ ಸರ್ವೋ ಸ್ವಲ್ಪ ಚಿಕ್ಕದಾದರೂ ನಡೆದೀತು ಎಂಬ ಲೆಕ್ಕ ಬೇಡ. ಗಾಳಿ ತೆಳುವಾದಷ್ಟೂ ಅದೇ ತೂಕವನ್ನು ಎತ್ತಲು ವಿಮಾನ ಹೆಚ್ಚು ವೇಗದಲ್ಲಿ ಹಾರಬೇಕು. ಕೊನೆಗೆ ಸರ್ಫೇಸ್ ಮೇಲಿನ ಒತ್ತಡ ಅಷ್ಟೇ.

ನೆಲದ ಮೇಲೆ ಪರೀಕ್ಷಿಸುವುದು ಹೀಗೆ. ಏಲೆರಾನನ್ನು 30 ಡಿಗ್ರಿ ಮೇಲೆತ್ತಿ ಸ್ಟಿಕ್ ಹಿಡಿದಿರಿ. ಹಿಂಬದಿ ಅಂಚಿನ ಉದ್ದಕ್ಕೂ ಒಂದು ಮರದ ಪಟ್ಟಿ ಆನಿಸಿ, ಅದಕ್ಕೆ ದಾರ ಕಟ್ಟಿ, ಕೊಕ್ಕೆ ತಕ್ಕಡಿಯಿಂದ ಸರ್ಫೇಸ್‌ಗೆ ಲಂಬವಾಗಿ ಎಳೆಯಿರಿ. ಪಟ್ಟಿ ಇಲ್ಲದೆ ನೇರ ಬಾಲ್ಸಾಕ್ಕೆ ಕೊಕ್ಕೆ ಹಾಕಿದರೆ ಅಂಚು ಮುರಿಯುತ್ತದೆ. 100 ಕಿಮೀ ವೇಗದ ಹೊರೆ ಅಂದರೆ ತಕ್ಕಡಿಯಲ್ಲಿ 1.2 ಕೆಜಿ, 160ರ ಹೊರೆಗೆ 3 ಕೆಜಿ. ಎಳೆತ ಒಂದೆರಡು ಸೆಕೆಂಡ್ ಮೀರದಿರಲಿ. ಅಂಚು ಕೆಲವು ಮಿಮೀ ಬಗ್ಗಿದರೆ ಚಿಂತೆಯಿಲ್ಲ. ಸೆಂಟಿಮೀಟರ್ ಗಟ್ಟಲೆ ಬಗ್ಗಿದರೆ ಎಲ್ಲಿ ಬಗ್ಗಿತು ನೋಡಿ: ಆರ್ಮ್ ಕದಲಿತೇ, ಆರ್ಮ್ ನಿಂತಲ್ಲೇ ನಿಂತು ಪುಶ್‌ರಾಡ್ ಬಿಲ್ಲಿನಂತೆ ಬಾಗಿತೇ, ಅಥವಾ ಹಾರ್ನ್‌ನ ಬುಡದಲ್ಲಿ ಮರ ಕುಸಿಯಿತೇ? 2 ಮಿಮೀ ತಂತಿಯ ಉದ್ದ ಪುಶ್‌ರಾಡ್ ಎಳೆಯುವಾಗ ಗಟ್ಟಿ, ತಳ್ಳುವಾಗ ಬಾಗುತ್ತದೆ. ಹೊಸ ಸರ್ವೋಗಿಂತ 3 ಮಿಮೀ ಟರ್ನ್‌ಬಕಲ್ (ಉದ್ದ ಹೊಂದಿಸಬಲ್ಲ ಗಟ್ಟಿ ಪುಶ್‌ರಾಡ್) ಬಹಳ ಅಗ್ಗ.

ಆರ್ಮೇ ಕದಲಿದರೂ ಸರ್ವೋ ಬದಲಿಸುವ ಮುನ್ನ ಲಿಂಕೇಜ್‌ನ ಅಳತೆ ತೆಗೆಯಿರಿ. ಶಾಫ್ಟ್‌ನಿಂದ ಆರ್ಮ್‌ನ ಬಾಲ್‌ವರೆಗೆ ಎಷ್ಟು, ಹಿಂಜ್ ಗೆರೆಯಿಂದ ಹಾರ್ನ್‌ನ ಬಾಲ್‌ವರೆಗೆ ಎಷ್ಟು? ಆರ್ಮ್ 38 ಮಿಮೀ, ಹಾರ್ನ್ 25 ಮಿಮೀ ಇದ್ದರೆ 20 ಕೆಜಿ-ಸೆಂಮೀ ಸರ್ವೋದಿಂದ ಸರ್ಫೇಸ್‌ಗೆ ತಲುಪುವುದು 13. ಅದನ್ನೇ ತಿರುಗಿಸಿ ಆರ್ಮ್ 25, ಹಾರ್ನ್ 38 ಮಾಡಿದರೆ 30! ಬಾಲ್ ಲಿಂಕನ್ನು ಬೇರೆ ತೂತಿಗೆ ಹಾಕಿದ್ದಷ್ಟೇ, ಖರ್ಚು ಸೊನ್ನೆ. ಜೊತೆಗೆ ಗೇರ್‌ನ ಸಡಿಲವೂ ಡೆಡ್‌ಬ್ಯಾಂಡ್ ತಪ್ಪೂ ಸರ್ಫೇಸ್‌ನಲ್ಲಿ ಅದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಆದರೆ 30 ಡಿಗ್ರಿ ಬಾಗಬೇಕಾದರೆ ಸರ್ವೋ ಸುಮಾರು 50 ಡಿಗ್ರಿ ತಿರುಗಬೇಕು. ಟ್ರಾನ್ಸ್‌ಮಿಟರ್‌ನಲ್ಲಿ ಎಂಡ್ ಪಾಯಿಂಟನ್ನು (ಸರ್ವೋ ಎಷ್ಟು ದೂರ ತಿರುಗಬೇಕೆಂಬ ಮಿತಿ) 120–130 ಶೇಕಡಕ್ಕೆ ಏರಿಸಿ.

ಉದ್ದ ಆರ್ಮ್ ಹಾಕಿ ಎಂಡ್ ಪಾಯಿಂಟನ್ನು 60ಕ್ಕೆ ಇಳಿಸಿರುವ ವಿಮಾನಗಳು ಲೆಕ್ಕವಿಲ್ಲದಷ್ಟಿವೆ. ಕೊಂಡ ಟಾರ್ಕ್‌ನಲ್ಲಿ ಅರ್ಧವನ್ನು ಹೀಗೆ ಎಸೆದು, ಆಮೇಲೆ ದುಪ್ಪಟ್ಟು ಟಾರ್ಕ್‌ನ ಸರ್ವೋ ಹುಡುಕುವುದು. ಎಂಡ್ ಪಾಯಿಂಟ್ 100ಕ್ಕಿಂತ ಕೆಳಗಿದ್ದರೆ ನಿಮ್ಮ ಆರ್ಮ್ ಉದ್ದವಾಗಿದೆ ಎಂದೇ ಅರ್ಥ.

ಇಷ್ಟಾದ ಮೇಲೂ ಸಾಲದಿದ್ದರೆ ದೊಡ್ಡ ಸರ್ವೋ ಕೊಳ್ಳಿ. ಡಬ್ಬದ ಮೇಲಿರುವುದು ಸ್ಟಾಲ್ ಟಾರ್ಕ್, ಅಂದರೆ ಮೋಟರ್ ನಿಂತೇ ಹೋಗುವ ಹೊರೆ. ಸರ್ವೋ ಕೆಲಸ ಮಾಡಬೇಕಾದ್ದು ಅದರ ಅರ್ಧ, ಹೆಚ್ಚೆಂದರೆ ಮೂರನೇ ಎರಡು ಭಾಗದೊಳಗೆ. 130 ಕಿಮೀಗೆ 14.6 ಬೇಕಾದ ನಮ್ಮ ಏಲೆರಾನ್‌ಗೆ 22–25 ಕೆಜಿ-ಸೆಂಮೀ ಸರಿಹೋಗುತ್ತದೆ. ಈ ವರ್ಗದ ಹಳೆಯ ಪರಿಚಿತ ಹೈಟೆಕ್ ಎಚ್‌ಎಸ್-7955ಟಿಜಿ: 6 ವೋಲ್ಟ್‌ಗೆ 24 ಕೆಜಿ-ಸೆಂಮೀ, 60 ಡಿಗ್ರಿಗೆ 0.15 ಸೆಕೆಂಡ್, ಟೈಟಾನಿಯಂ ಗೇರ್. ಹೋಲಿಸಿ ನೋಡಲು ಅದನ್ನೇ ಗೆರೆಯಾಗಿ ಇಟ್ಟುಕೊಳ್ಳಬಹುದು.

ಗಾಳಿಯಲ್ಲಿ ಜೇನುಹುಳದಂತೆ ಝೇಂಕಾರ

ಇದು ಫ್ಲಟರ್. ಸರ್ಫೇಸ್ ಗಾಳಿಯಲ್ಲಿ ಪಟಪಟ ಬಡಿದುಕೊಳ್ಳುವ ಸದ್ದು ನೆಲಕ್ಕೂ ಕೇಳುತ್ತದೆ. ಕೇಳಿದ ತಕ್ಷಣ ಥ್ರಾಟಲ್ ಕೆಳಗೆ, ಮೂಗು ನಿಧಾನವಾಗಿ ಮೇಲೆ, ವೇಗ ಇಳಿದ ಮೇಲೆ ಇಳಿಸಿ. ಇನ್ನೊಂದು ಸುತ್ತು ನೋಡೋಣ ಎನ್ನುವ ಮಾತೇ ಬೇಡ. ಕೆಲವೇ ಸೆಕೆಂಡಿನಲ್ಲಿ ಸರ್ಫೇಸ್ ಕಿತ್ತುಹೋಗಬಲ್ಲದು.

ಬಹುಪಾಲು ಸಲ ಕಾರಣ ಮೇಲೆ ಹೇಳಿದ ಸಡಿಲವೇ. ಆಮೇಲೆ ಹಿಂಜ್ ಸಂದಿ, ಬಾಗುವ ಪುಶ್‌ರಾಡ್, ಕೊನೆಗೆ ಸೋಲುವ ಸರ್ವೋ. ಹಿಂಜ್ ಸಂದಿಯನ್ನು ಕೆಳಬದಿಯಿಂದ ಪಾರದರ್ಶಕ ಕವರಿಂಗ್ ಪಟ್ಟಿಯಿಂದ ಮುಚ್ಚಿ. ಅಂಟಿಸುವಾಗ ಸರ್ಫೇಸನ್ನು ಪೂರ್ತಿ ಮೇಲಕ್ಕೆ ಬಾಗಿಸಿ ಇಟ್ಟರೆ ಆಮೇಲೆ ಎಳೆತ ಬರುವುದಿಲ್ಲ. ಇದರಿಂದ ಸರ್ಫೇಸ್‌ನ ಪರಿಣಾಮವೂ ಹೆಚ್ಚುತ್ತದೆ. ಒಮ್ಮೆ ಫ್ಲಟರ್ ಆದ ಸರ್ವೋವನ್ನು ಹೊರಗಿನಿಂದ ನೋಡಿ ಪಾಸು ಮಾಡಬೇಡಿ, ಮೇಲಿನ ಮುಚ್ಚಳ ತೆಗೆದು ಗೇರ್‌ನ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿ. ಗ್ರೀಸ್‌ನಲ್ಲಿ ಮಿನುಗುವ ಲೋಹದ ಪುಡಿ ಕಂಡರೆ ಗೇರ್ ಸೆಟ್ ಬದಲಿಸಿ. ಎಲ್ಲ ಹಿಂಜ್‌ಗಳನ್ನೂ ಒಂದೊಂದಾಗಿ ಎಳೆದು ನೋಡಿ.

ಸುಮ್ಮನಿದ್ದರೂ ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ

ಹೊರೆ ಇದ್ದಾಗ ಡಿಜಿಟಲ್ ಸರ್ವೋ ಗುನುಗುವುದು ಸಹಜ. ಹೊರೆಯಿಲ್ಲದೆ ಗುನುಗಿದರೆ ಪುಶ್‌ರಾಡ್ ಬಿಚ್ಚಿ. ಸದ್ದು ನಿಂತರೆ ದೋಷ ಲಿಂಕೇಜ್‌ನದು. ಸ್ಟಿಕ್ ತುದಿಯಲ್ಲಿ ಮಾತ್ರ ಸದ್ದು ಬಂದರೆ ಸರ್ಫೇಸ್ ಎಲ್ಲೋ ತಾಗಿ ನಿಂತಿದೆ, ಎಂಡ್ ಪಾಯಿಂಟ್ ಇಳಿಸಿ ಅಥವಾ ತಾಗುವ ಜಾಗವನ್ನು ತೀಡಿ. ಪುಶ್‌ರಾಡ್ ಬಿಚ್ಚಿದ ಮೇಲೂ ಸರ್ವೋ ಒಂದು ತುದಿಗೆ ಹೋಗಿ ಅಲ್ಲೇ ಗುಂಯ್‌ಗುಟ್ಟಿದರೆ ಅದು 760 ಮೈಕ್ರೋಸೆಕೆಂಡ್‌ನ ಹೆಲಿಕಾಪ್ಟರ್ ಬಾಲದ ಸರ್ವೋ ಆಗಿರಬಹುದು. ನಮ್ಮ ರಿಸೀವರ್ ಕೊಡುವ ನಡು ಸಿಗ್ನಲ್ 1500ರ ಆಸುಪಾಸು. ಕೂಡಲೇ ಕಳಚದಿದ್ದರೆ ಸುಡುತ್ತದೆ.

ಒಂದೇ ರಡ್ಡರ್‌ಗೆ ಎರಡು ಸರ್ವೋ ಹಾಕಿರುವ 100 ಸಿಸಿ ವಿಮಾನಗಳಲ್ಲಿ ಎರಡೂ ಒಂದಕ್ಕೊಂದು ಜಗ್ಗಾಡುತ್ತಿರಬಹುದು. ಒಂದನ್ನು ಕಳಚಿ, ಇನ್ನೊಂದನ್ನು ನಡುವಿನಲ್ಲೂ ಎರಡು ತುದಿಗಳಲ್ಲೂ ನಿಲ್ಲಿಸಿ, ಕಳಚಿದ ಪುಶ್‌ರಾಡ್‌ನ ಬಾಲ್ ಬೋಲ್ಟ್ ಬಲವಿಲ್ಲದೆ ತೂತಿನಲ್ಲಿ ಇಳಿಯುತ್ತದೆಯೇ ನೋಡಿ. ಮೂರೂ ಕಡೆ ಇಳಿಯಬೇಕು. ಇಲ್ಲದಿದ್ದರೆ ಸಬ್‌ಟ್ರಿಮ್ (ಒಂದೊಂದು ಸರ್ವೋದ ನಡುವನ್ನು ಸರಿಸುವ ಸೆಟ್ಟಿಂಗ್) ಮತ್ತು ಎಂಡ್ ಪಾಯಿಂಟ್‌ನಿಂದ ಹೊಂದಿಸಿ, ಮಲ್ಟಿಮೀಟರ್‌ನಲ್ಲಿ ಕರೆಂಟ್ ಕನಿಷ್ಠವಾಗುವ ಜಾಗದಲ್ಲಿ ನಿಲ್ಲಿಸಿ. ಬೇರೆ ಬೇರೆ ಮಾಡೆಲ್‌ನ ಎರಡು ಸರ್ವೋಗಳನ್ನು ಒಂದೇ ಸರ್ಫೇಸ್‌ಗೆ ಹಾಕಲೇಬೇಡಿ, ವೇಗ ಬೇರೆಯಾದರೆ ಯಾವ ಹೊಂದಾಣಿಕೆಯೂ ನಿಲ್ಲದು.

ಅರೆಕ್ಷಣ ಕಂಟ್ರೋಲ್ ಹೋಗಿ ಮತ್ತೆ ಬರುತ್ತದೆ

ಎಲ್ಲರೂ ರೇಡಿಯೋವನ್ನು ಶಂಕಿಸುತ್ತಾರೆ. ಆದರೆ ಎಲ್ಲ ಸ್ಟಿಕ್‌ಗಳನ್ನೂ ಜೋರಾಗಿ ಆಡಿಸಿದಾಗಲೇ, ಅಂದರೆ ಸ್ನ್ಯಾಪ್ ರೋಲ್, ಬ್ಲೆಂಡರ್‌ನಂಥ ಗಿರಕಿ ಕಸರತ್ತು ಮಾಡುವಾಗಲೇ ಹೀಗಾದರೆ ಅದು ವಿದ್ಯುತ್ ಕುಸಿತ. 20 ಕೆಜಿ-ಸೆಂಮೀ ವರ್ಗದ ಒಂದು ಸರ್ವೋ ಸ್ಟಾಲ್ ಹತ್ತಿರ 3–5 ಆಂಪ್ ಎಳೆಯುತ್ತದೆ. ಐದು ಸರ್ವೋ ಒಟ್ಟಿಗೆ ಹೊರಟರೆ ಕ್ಷಣಕಾಲ 15–20 ಆಂಪ್. ವೋಲ್ಟೇಜ್ ಸುಮಾರು 3.5ಕ್ಕೆ ಇಳಿದರೆ ಹೆಚ್ಚಿನ ರಿಸೀವರ್‌ಗಳು ಮಲಗುತ್ತವೆ, ಮತ್ತೆ ಎದ್ದು ಲಿಂಕ್ ಆಗುವಷ್ಟರಲ್ಲಿ ವಿಮಾನ ನೆಲ ಮುಟ್ಟಿರಬಹುದು. ಸ್ಪೆಕ್ಟ್ರಮ್ ಕಂಪನಿಯ ರಿಸೀವರ್ ಆಗಿದ್ದರೆ ಇಳಿಸಿದ ಮೇಲೆ ಅದರ ದೀಪ ಮಿಣುಕುತ್ತಿದೆಯೇ ನೋಡಿ, ಹಾಗೆ ಮಿಣುಕುವುದು ವಿದ್ಯುತ್ ಕಡಿದಿತ್ತು ಎಂಬುದರ ಗುರುತು.

ಟೆಲಿಮೆಟ್ರಿ (ವಿಮಾನದಿಂದ ಟ್ರಾನ್ಸ್‌ಮಿಟರ್‌ಗೆ ಅಂಕಿ ಕಳಿಸುವ ವ್ಯವಸ್ಥೆ) ಇದ್ದರೆ ಕನಿಷ್ಠ ವೋಲ್ಟೇಜ್ ಓದಿ, ಇಲ್ಲವೇ ರಿಸೀವರ್‌ನ ಖಾಲಿ ಚಾನೆಲ್‌ಗೆ ಕನಿಷ್ಠ ಮೌಲ್ಯ ನೆನಪಿಡುವ ಮೀಟರ್ ಹಾಕಿ. ನೆಲದ ಮೇಲೆ ಇಬ್ಬರು ಸರ್ಫೇಸ್‌ಗಳನ್ನು ಕೈಯಿಂದ ಹಗುರವಾಗಿ ತಡೆಯುತ್ತಿರುವಾಗ ಎರಡೂ ಸ್ಟಿಕ್‌ಗಳನ್ನು ಮೂಲೆಯಿಂದ ಮೂಲೆಗೆ ಆಡಿಸಿ. ಎಂಜಿನ್ ಓಡುತ್ತಿರಬಾರದು ಎಂದು ಬೇರೆ ಹೇಳಬೇಕಿಲ್ಲ. 6 ವೋಲ್ಟ್ ವ್ಯವಸ್ಥೆ 5ಕ್ಕಿಂತ ಕೆಳಗಿಳಿದರೆ ಹಾರಿಸಬೇಡಿ.

ಕುಸಿತ ಎಲ್ಲಿ? ವೈರ್ ಲೆಕ್ಕ ಮಾಡಿ. 26 ಗೇಜ್‌ನ 1 ಮೀಟರ್ ಎಕ್ಸ್‌ಟೆನ್ಷನ್‌ನಲ್ಲಿ ಹೋಗುವುದು ಬರುವುದು ಸೇರಿ 0.27 ಓಮ್. 3 ಆಂಪ್ ಹರಿದರೆ 0.8 ವೋಲ್ಟ್ ದಾರಿಯಲ್ಲೇ ಕರಗಿತು. ಬಾಲದಲ್ಲಿ ಎಲಿವೇಟರ್ ಸರ್ವೋ ಇರುವ ವಿಮಾನದಲ್ಲಿ ನಡೆಯುತ್ತಿರುವುದು ಇದೇ. ಮೇಜಿನ ಮೇಲೆ 20 ಕೆಜಿ-ಸೆಂಮೀ ಕೊಟ್ಟ ಸರ್ವೋ ಬಾಲದಲ್ಲಿ ಅಷ್ಟು ಕೊಡುವುದಿಲ್ಲ. 22 ಗೇಜ್ ಹಾಕಿದರೆ ನಷ್ಟ 0.32ಕ್ಕೆ ಇಳಿಯುತ್ತದೆ. ಬ್ಯಾಟರಿಯಿಂದ ಬರುವ ಒಂದೇ ಪ್ಲಗ್ ಮೂಲಕ ಎಲ್ಲವನ್ನೂ ಎಳೆಯುವುದೂ ತಪ್ಪು, ಸರ್ವೋ ಮಾದರಿಯ ಪ್ಲಗ್‌ಗಳು ಸತತವಾಗಿ ತಾಳುವುದು ಕೆಲವೇ ಆಂಪ್. ಎರಡು ಬ್ಯಾಟರಿ, ಎರಡು ಸ್ವಿಚ್, ರಿಸೀವರ್‌ಗೆ ಎರಡು ದಾರಿ: ಈ ಅಳತೆಯ ವಿಮಾನಕ್ಕೆ 2500 ಎಂಎಎಚ್‌ನ 2ಎಸ್ (ಎರಡು ಸೆಲ್‌ನ) ಬ್ಯಾಟರಿ ಎರಡು ಹಾಕಿ. ಇಎಸ್‌ಸಿಯೊಳಗಿನ (ಎಲೆಕ್ಟ್ರಿಕ್ ಮೋಟರ್‌ನ ವೇಗ ನಿಯಂತ್ರಕ) 5 ಆಂಪ್ ಬಿಇಸಿಯನ್ನು (ರಿಸೀವರ್, ಸರ್ವೋಗಳಿಗೆ ವಿದ್ಯುತ್ ಕೊಡುವ ಭಾಗ) ದೊಡ್ಡ ಎಲೆಕ್ಟ್ರಿಕ್ ವಿಮಾನದಲ್ಲಿ ನಂಬಬೇಡಿ.

ರಿಸೀವರ್‌ಗೆ ಚುಚ್ಚುವ 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದಕ್ಕೆ ಮದ್ದು ಎಂದು ಮಾರುತ್ತಾರೆ. 5 ಆಂಪ್ ಎಳೆದರೆ ಅದು 1 ವೋಲ್ಟ್ ಕಳೆದುಕೊಳ್ಳಲು ಒಂದು ಮಿಲಿಸೆಕೆಂಡ್ ಸಾಕು. ತೀರಾ ಚೂಪಾದ ಕುಸಿತಕ್ಕೆ ಅಡ್ಡ ನಿಂತೀತು, ಬಡಪಾಯಿ ಬ್ಯಾಟರಿಯನ್ನು ಉಳಿಸದು.

6 ವೋಲ್ಟ್‌ನ ಸರ್ವೋಗೆ 2ಎಸ್ ಲೈಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ನೇರ ಕೊಟ್ಟರೆ ಪೂರ್ತಿ ಚಾರ್ಜ್‌ನಲ್ಲಿ 8.4 ವೋಲ್ಟ್ ಹೋಗಿ ಸರ್ವೋ ಸುಡುತ್ತದೆ. ಎಚ್‌ವಿ (ಹೈ ವೋಲ್ಟೇಜ್) ಎಂದು ಬರೆದಿದ್ದರೆ ಮಾತ್ರ ಕೊಡಿ. ನಡುದಾರಿ ಬೇಕಾದರೆ 6.6 ವೋಲ್ಟ್‌ನ 2ಎಸ್ ಲೈಫ್ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಇದೆ, ಆದರೆ ಅದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ಎಷ್ಟು ಉಳಿದಿದೆ ಎಂದು ಮೀಟರ್ ನೋಡಿ ತಿಳಿಯದು. ಹಾರಾಟಕ್ಕೆ ಎಷ್ಟು ಎಂಎಎಚ್ ಖರ್ಚಾಯಿತು ಎಂದು ಚಾರ್ಜರ್‌ನಲ್ಲಿ ಬರೆದಿಟ್ಟುಕೊಳ್ಳಬೇಕು.

ನಡುಕ

ಸರ್ವೋ ಟೆಸ್ಟರ್‌ನಲ್ಲಿ ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಓಡಿಸಿ. ಒಂದೇ ಜಾಗದಲ್ಲಿ, ಅದೂ ಹೆಚ್ಚಾಗಿ ನಡುವಿನಲ್ಲಿ, ತಡವರಿಸಿದರೆ ಒಳಗಿನ ಪಾಟ್ (ಶಾಫ್ಟ್ ಎಲ್ಲಿದೆ ಎಂದು ಅಳೆಯುವ ಪೊಟೆನ್ಶಿಯೋಮೀಟರ್) ಸವೆದಿದೆ. ಸರ್ವೋ ಹೆಚ್ಚು ಹೊತ್ತು ನಿಲ್ಲುವುದು ನಡುವಿನಲ್ಲೇ, ಎಂಜಿನ್ ಕಂಪನಕ್ಕೆ ಸವೆಯುವುದೂ ಅಲ್ಲೇ. ಬದಲಿಸಿ. ಎಲ್ಲ ಕಡೆ ನಡುಗಿದರೆ ಬೇರೆ ಚಾನೆಲ್‌ಗೆ ಹಾಕಿ ನೋಡಿ. ಎಂಜಿನ್ ಓಡುವಾಗ ಮಾತ್ರ ನಡುಗಿದರೆ ಇಗ್ನಿಷನ್‌ನ ಗದ್ದಲ. ಇಗ್ನಿಷನ್ ಡಬ್ಬ, ಅದರ ಬ್ಯಾಟರಿ, ವೈರ್‌ಗಳನ್ನು ರಿಸೀವರ್‌ನಿಂದ 30 ಸೆಂಮೀ ದೂರ ಇಡಿ, ಥ್ರಾಟಲ್‌ಗೆ ಲೋಹದ ಬದಲು ನೈಲಾನ್ ಪುಶ್‌ರಾಡ್ ಹಾಕಿ. ಗೈರೋ (ಅಲುಗಾಟವನ್ನು ತಾನೇ ತಿದ್ದುವ ಸಾಧನ) ಇರುವ ವಿಮಾನ ವೇಗದಲ್ಲಿ ಮಾತ್ರ ಬಾಲ ಅಲ್ಲಾಡಿಸಿದರೆ ಗೇನ್ (ಆ ತಿದ್ದುವಿಕೆಯ ಪ್ರಮಾಣ) ಹೆಚ್ಚಾಗಿದೆ ಅಥವಾ ಸರ್ವೋ ನಿಧಾನವಾಗಿದೆ.

ಡಬ್ಬದ ಮೇಲಿನ ಅಂಕಿಯನ್ನು ನಂಬುವ ಮುನ್ನ

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಎಂಜಿ996ಆರ್ ಹೆಸರಿನ ನಕಲುಗಳು ರಾಶಿ ಬಿದ್ದಿವೆ. ಆ ಮಾದರಿಯ ಘೋಷಿತ ಟಾರ್ಕ್ 4.8 ವೋಲ್ಟ್‌ಗೆ 9.4, 6 ವೋಲ್ಟ್‌ಗೆ 11 ಕೆಜಿ-ಸೆಂಮೀ. ಅದೇ ಪೆಟ್ಟಿಗೆಯಲ್ಲಿ ದುಪ್ಪಟ್ಟು ಬರೆದಿದ್ದರೆ ಅಳೆಯದೆ ಹಾಕಬೇಡಿ.

ಅಳೆಯುವುದು ಸುಲಭ. ಸರ್ವೋವನ್ನು ಮೇಜಿನ ಅಂಚಿಗೆ ಕ್ಲ್ಯಾಂಪ್ ಮಾಡಿ, ಶಾಫ್ಟ್‌ನಿಂದ 4 ಸೆಂಮೀ ದೂರದ ತೂತಿಗೆ ನೀರಿನ ಕ್ಯಾನ್ ತೂಗುಹಾಕಿ. ಆರ್ಮ್ ಅಡ್ಡವಾಗಿರುವಾಗ ಹೊರೆ ಗರಿಷ್ಠ. ಕ್ಯಾನ್ ಸೇರಿ 5 ಕೆಜಿಯನ್ನು 20 ಡಿಗ್ರಿ ಕೆಳಗಿನಿಂದ 20 ಡಿಗ್ರಿ ಮೇಲಕ್ಕೆ ಎತ್ತಿದರೆ 20 ಕೆಜಿ-ಸೆಂಮೀ ಇದೆ. ಎತ್ತಲಾರದೆ ನಿಂತರೆ ತಕ್ಷಣ ಹೊರೆ ಇಳಿಸಿ, ನೀರು ಚೆಲ್ಲುತ್ತಾ ಕಡಿಮೆ ಮಾಡಿ ಮತ್ತೆ ನೋಡಿ. ಯಾವ ವೋಲ್ಟೇಜ್‌ನಲ್ಲಿ ಅಳೆದಿರಿ ಎಂಬುದನ್ನು ಪಕ್ಕದಲ್ಲೇ ಬರೆದಿಡಿ, 7.4 ಅಥವಾ 8.4 ವೋಲ್ಟ್‌ನ ಅಂಕಿಯನ್ನು ದೊಡ್ಡದಾಗಿ ಹಾಕಿ, 6ರದ್ದನ್ನು ಬಿಟ್ಟುಬಿಡುವ ಡಬ್ಬಗಳು ಬಹಳ.

ವೇಗಕ್ಕೆ ಫೋನ್ ಸಾಕು. ಸೆಕೆಂಡಿಗೆ 240 ಫ್ರೇಮ್‌ನಲ್ಲಿ ವಿಡಿಯೋ ತೆಗೆದು, 60 ಡಿಗ್ರಿ ದಾಟಲು ಎಷ್ಟು ಫ್ರೇಮ್ ಹಿಡಿಯಿತು ಎಣಿಸಿ. 0.10 ಸೆಕೆಂಡ್‌ಗೆ 24 ಫ್ರೇಮ್, 0.15ಕ್ಕೆ 36. ಸ್ಟಿಕ್ ಆಡಿಸಿ ಅಳೆಯಬೇಡಿ, ಆಗ ಅಳೆಯುವುದು ನಿಮ್ಮ ಹೆಬ್ಬೆರಳಿನ ವೇಗ. ಸ್ವಿಚ್‌ಗೆ ಚಾನೆಲ್ ಹೊಂದಿಸಿ ಒಂದೇ ಏಟಿಗೆ ಓಡಿಸಿ.

ಬದಲಿಸಲೇಬೇಕಾದಾಗ

2.2 ಮೀಟರ್ ವಿಮಾನಕ್ಕೆ ಏಲೆರಾನ್, ಎಲಿವೇಟರ್ ಎರಡಕ್ಕೂ 20–25 ಕೆಜಿ-ಸೆಂಮೀ, 0.15 ಸೆಕೆಂಡ್ ಅಥವಾ ಅದಕ್ಕಿಂತ ಚುರುಕು. ರಡ್ಡರ್ ಅಗಲವಾದದ್ದು, ನೈಫ್ ಎಡ್ಜ್‌ನಲ್ಲಿ ಹೊರೆ ಬಿಡುವಿಲ್ಲದೆ ಇರುತ್ತದೆ, 30ಕ್ಕಿಂತ ಕಡಿಮೆ ಬೇಡ. ಥ್ರಾಟಲ್‌ಗೆ 3–5 ಕೆಜಿ-ಸೆಂಮೀ ಬೇಕಾದಷ್ಟಾಯಿತು, ಅಲ್ಲಿ ದುಡ್ಡು ಸುರಿಯುವುದು ವ್ಯರ್ಥ. 1.2 ಮೀಟರ್ ಆಸುಪಾಸಿನ ಎಲೆಕ್ಟ್ರಿಕ್ ವಿಮಾನಕ್ಕೆ ಹೈಟೆಕ್ ಎಚ್‌ಎಸ್-65ಎಂಜಿ ವರ್ಗದ, 6 ವೋಲ್ಟ್‌ಗೆ 2.2 ಕೆಜಿ-ಸೆಂಮೀ ಕೊಡುವ ಲೋಹದ ಗೇರ್ ಸರ್ವೋ ಸಾಕು. ಎಸ್‌ಜಿ90 ನೀಲಿ ಸರ್ವೋ ಕಾಗದದ ಮೇಲೆ 1.8 ತೋರಿಸಿದರೂ ಅದರ ಪ್ಲಾಸ್ಟಿಕ್ ಗೇರ್, ನಡುವಿಗೆ ಬರದ ಚಾಳಿ ಎರಡೂ ಏರೋಬ್ಯಾಟಿಕ್ಸ್‌ಗೆ ಒಗ್ಗುವುದಿಲ್ಲ. ಕಲಿಕೆಯ ಫೋಮ್ ವಿಮಾನಕ್ಕೆ ಇರಲಿ.

ಬಜೆಟ್ ಕಡಿಮೆಯಿದ್ದರೆ ಒಳ್ಳೆಯ ಜೋಡಿಯನ್ನು ಎಲಿವೇಟರ್‌ಗೆ ಕೊಡಿ. ಅಲ್ಲಿನ ಅರ್ಧ ಡಿಗ್ರಿ ತಪ್ಪು ಪ್ರತಿ ಲೂಪ್‌ನಲ್ಲೂ ಕಾಣುತ್ತದೆ. ಎಡ ಬಲ ಎಲಿವೇಟರ್‌ಗೆ ಒಂದೇ ಮಾಡೆಲ್, ಸಾಧ್ಯವಾದರೆ ಒಂದೇ ಸಲ ಕೊಂಡದ್ದು. ಇಲ್ಲದಿದ್ದರೆ ಲೂಪ್ ಎಳೆಯುವಾಗ ವಿಮಾನ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ನೀವು ಏಲೆರಾನ್ ಟ್ರಿಮ್ ಹುಡುಕುತ್ತಾ ಕೂರುತ್ತೀರಿ. ಜೊತೆಗೆ ಒಂದು ಗೇರ್ ಸೆಟ್ ಮೊದಲೇ ತರಿಸಿಡಿ, ಬೇಕಾದ ದಿನ ಅದು ಎಲ್ಲೂ ಸಿಗುವುದಿಲ್ಲ.

ಹೊಸ ಸರ್ವೋ ಹಾಕಿದ ಮೊದಲ ಹಾರಾಟ ಐದು ನಿಮಿಷ ಮೀರದಿರಲಿ. ಇಳಿಸಿದ ಕೂಡಲೇ ಎಡ ಬಲ ಸರ್ವೋಗಳನ್ನು ಕೈಯಿಂದ ಮುಟ್ಟಿ ನೋಡಿ. ಎರಡೂ ಒಂದೇ ಬೆಚ್ಚಗಿರಬೇಕು. ಒಂದು ಬೆರಳಿಡಲಾರದಷ್ಟು ಸುಡುತ್ತಿದ್ದರೆ ಆ ಕಡೆಯ ಪುಶ್‌ರಾಡ್ ಬಿಚ್ಚಿ, ಹಿಂಜ್‌ನಿಂದ ಮತ್ತೆ ಶುರು ಮಾಡಿ.